ಇಪ್ಪತ್ತಾರು ಕಿಟಕಿಗಳು

ಫೆಬ್ರವರಿ 3

ತಂಗೀ,

ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತುಕೋ. ನಮ್ಮ ಕಿಟಕಿ ಕಾರ್ಪೆಟ್ಟಿಗೆ ಈ ವರ್ಷದ ವಿನ್ಯಾಸ ಪ್ರಶಸ್ತಿ ಬಂದಿದೆ. ಹೌದು, ನಮ್ಮದಕ್ಕೇ. ನಾನೂ ನಂಬದೆ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡೆ.

ನಿನ್ನೆ ಬೆಳಿಗ್ಗೆ ಉಣ್ಣೆ ತೊಳೆಯುತ್ತಿದ್ದಾಗ ಫೋನ್ ಬಂತು. ಯಾರೋ ಹೆಂಗಸು, ತುಂಬಾ ಮರ್ಯಾದೆಯ ದನಿ. "ಅಭಿನಂದನೆಗಳು ಮೇಡಂ" ಅಂದರು. "ರಾಂಗ್ ನಂಬರ್ ರೀ" ಅಂತ ಇಟ್ಟುಬಿಟ್ಟೆ. ನನ್ನನ್ನು ಮೇಡಂ ಅನ್ನುವವರು ಯಾರಿದ್ದಾರೆ ಹೇಳು? ಮತ್ತೆ ಮಾಡಿದರು, ಮತ್ತೆ ಇಟ್ಟೆ. ಮೂರನೇ ಸಲ ಕಾರ್ಪೆಟ್ಟಿನ ಉದ್ದ ಅಗಲದ ಸಮೇತ ಹೇಳಿದರು ನೋಡು, ಹಾಗೇ ಹಿಂದಿದ್ದ ಬಕೆಟ್ಟಿನ ಮೇಲೆ ಕೂತೆ. ಬಕೆಟ್ ತುಂಬಾ ನೀರಿತ್ತು. ಪ್ರಶಸ್ತಿಯ ಸುದ್ದಿಯನ್ನು ಸೊಂಟದವರೆಗೆ ಒದ್ದೆಯಾಗಿ ಕೇಳಿದವಳು ನಾನೊಬ್ಬಳೇ ಇರಬೇಕು.

ನಿನಗೊಂದು ನಿಜ ಹೇಳುತ್ತೇನೆ. ಅದು ಕೆಟ್ಟುಹೋಗಿದೆ ಅಂತಲೇ ನಾನು ತಿಳಿದಿದ್ದೆ. ಮಗ್ಗದಿಂದ ಇಳಿಸಿದ ದಿನ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿದ್ದೆ. ನಕ್ಷೆ ಬರೆದುಕೊಟ್ಟ ಚಿತ್ರಗಾರರು, ಅದೇ ನಮ್ಮ ಮಾತಿನಮಲ್ಲ, ಬಂದು ಬಿಚ್ಚಿ ನೋಡಿದರು. ಹತ್ತು ನಿಮಿಷ ತುಟಿ ಬಿಚ್ಚಲಿಲ್ಲ. ಅವರು! ಆಮೇಲೆ "ನಿಮ್ಮ ಧೈರ್ಯಕ್ಕೆ ಕೈ ಮುಗೀಬೇಕು" ಅಂತ ನಿಜವಾಗಿಯೂ ಕೈ ಮುಗಿದರು. ಹೇಳಿದ್ದನ್ನು ಕಟ್ಟುವುದಕ್ಕೆ ಎಂಥ ಧೈರ್ಯ? ಏನೋ ಉಪಚಾರದ ಮಾತು ಅಂದುಕೊಂಡು ಟೀ ಮಾಡಿಕೊಟ್ಟೆ.

ಇವತ್ತು ಪತ್ರಿಕೆಯವಳೊಬ್ಬಳು ಬಂದಿದ್ದಳು. ಹೇಗೆ ಕೆಲಸ ಮಾಡುತ್ತೀರಿ ಅಂತ ಕೇಳಿದಳು. ಚೌಕ ಚೌಕದ ಕಾಗದದ ಮೇಲೆ ಬರೆದ ನಕ್ಷೆ ದೂರದ ಬಂದರಿನ ಊರಲ್ಲಿರುವ ನನ್ನ ತಂಗಿಯ ಹತ್ತಿರ ಇರುತ್ತದೆ ಅಂದೆ. ಅವಳು ಒಂದೊಂದು ಸಾಲನ್ನೂ ಬಲಗಡೆಯಿಂದ ಎಡಕ್ಕೆ, ಯಾವ ಬಣ್ಣ ಎಷ್ಟು ಗಂಟು ಅಂತ ಕೂಗಿ ರೆಕಾರ್ಡ್ ಮಾಡಿ ಮೆಮೊರಿ ಕಾರ್ಡ್ ಕಳಿಸುತ್ತಾಳೆ, ಕಿಟಕಿಗಳು ಮುಗಿದಲ್ಲಿ "ಉಳಿದದ್ದು ನೆಲ" ಅನ್ನುತ್ತಾಳೆ, ನಾನು ಉಳಿದಷ್ಟಕ್ಕೂ ಬೂದಿ ಬಣ್ಣದ ಉಣ್ಣೆ ಕಟ್ಟಿ ಸಾಲು ಮುಗಿಸುತ್ತೇನೆ ಅಂತ ಹೇಳಿದೆ. "ನೀವು ನಕ್ಷೆ ನೋಡೋದೇ ಇಲ್ವಾ?" ಅಂದಳು. "ಕಟ್ಟೋಳು ನಕ್ಷೆ ನೋಡಿದ್ರೆ ಕೂಗೋಳಿಗೆ ಎದುರು ಮಾತಾಡ್ತಾಳೆ. ನಾನು ಒಂದ್ಸಲ ಇಣುಕಿದ್ದಕ್ಕೆ ನಮ್ಮಮ್ಮ ಮಗ್ಗದ ಬಾಚಣಿಗೆಯಲ್ಲೇ ಕೈಗೆ ಕೊಟ್ರು" ಅಂದೆ.

ಎಲ್ಲರೂ ಆ ಖಾಲಿ ಬಿಟ್ಟ ಭಾಗವನ್ನೇ ಕೊಂಡಾಡುತ್ತಿದ್ದಾರೆ. ಕಾರ್ಪೆಟ್ಟಿನ ಫೋಟೋ ಇಟ್ಟಿದ್ದೇನೆ. ನಾಳೆ ಪತ್ರಿಕೆ ಬಂದ ಮೇಲೆ ಅದನ್ನೂ ಸೇರಿಸಿ ಅಂಚೆಗೆ ಹಾಕುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡಿ, ಕೊನೆಗೆ ಜಗಳವಾಡಿಯೇ ಇಡುವುದು. ಬೇಗ ಬರೆ.

ನಿನ್ನ ಅಕ್ಕ


ಫೆಬ್ರವರಿ 12

ಅಕ್ಕಾ,

ಓದಿ ಕಿರುಚಿದೆ. ಪಕ್ಕದ ಮನೆಯವರು ಗೋಡೆ ತಟ್ಟಿದರು. ನಮ್ಮ ಕ್ರೇನ್ ಸಾಹೇಬರು ಬಂದರಿನ ಪಾಳಿ ಮುಗಿಸಿ ಬಂದ ಕೂಡಲೇ "ನಿಮ್ಮ ಅತ್ತಿಗೆ ದೊಡ್ಡ ಮನುಷ್ಯರಾದರು ಕಣ್ರೀ" ಅಂದೆ. "ಗಾತ್ರದಲ್ಲಿ ಮೊದಲೇ ಆಗಿದ್ರಲ್ಲ" ಅಂದರು. ಇದನ್ನು ನಾನು ನಿನಗೆ ಬರೆದೆ ಅಂತ ಅವರಿಗೆ ಹೇಳಬೇಡ.

ಫೋಟೋ ಎಷ್ಟು ಚೆಂದ ಬಂದಿದೆ! ಊಟದ ಮೇಜಿನ ಮೇಲೆ ಲೋಟಕ್ಕೆ ಒರಗಿಸಿಟ್ಟು ಒಂದು ಗಂಟೆ ನೋಡಿದೆ. ಈ ಅಂಚಿನಿಂದ ಆ ಅಂಚಿಗೆ ಕಿಟಕಿಗಳು, ಎಲ್ಲದರಲ್ಲೂ ದೀಪ. ಎಂಟು ಮಹಡಿ, ಒಂದಕ್ಕೆ ಹನ್ನೆರಡರಂತೆ ತೊಂಬತ್ತಾರು ಕಿಟಕಿ. ಕೂಗುವಾಗ ಒಂದೊಂದರ ಒಳಗೂ ಯಾರಿರಬಹುದು ಅಂತ ಯೋಚಿಸುತ್ತಿದ್ದೆ ಗೊತ್ತಾ? ಇಲ್ಲೊಬ್ಬಳು ತಲೆ ಬಾಚಿಕೊಳ್ಳುತ್ತಿದ್ದಾಳೆ, ಅಲ್ಲೊಬ್ಬ ಹೆಂಡತಿಗೆ ಹೆದರಿ ಪಾತ್ರೆ ತೊಳೆಯುತ್ತಿದ್ದಾನೆ. ನನ್ನ ಜನ್ಮದಲ್ಲಿ ಇಷ್ಟು ಚೆನ್ನಾಗಿ ಯಾವ ನಕ್ಷೆಯನ್ನೂ ಕೂಗಿರಲಿಲ್ಲ. ಬಾಯಿ ತಾನಾಗಿಯೇ ಓಡುತ್ತಿತ್ತು.

ಆದರೆ ಪತ್ರಿಕೆಯವರ ಮೇಲೆ ಸಿಟ್ಟು ನೆತ್ತಿಗೇರಿತು. ಮಾತಿನಮಲ್ಲನ ಫೋಟೋ ಅಷ್ಟು ದೊಡ್ಡದಾಗಿ ಹಾಕಿ ನಿನ್ನನ್ನು ಪಕ್ಕಕ್ಕೂ ನಿಲ್ಲಿಸಿಲ್ಲವಲ್ಲ! ಕಟ್ಟಿದವಳು ಯಾರು, ಹಲ್ಲು ಕಿರಿಯುವವರು ಯಾರು! ನೀನೂ ಒಬ್ಬಳು, ನನ್ನ ಮುಂದೆ ಮಾತ್ರ ಹುಲಿ. ಹೊರಗಿನವರ ಮುಂದೆ ಬಾಯಿಗೆ ಬೀಗ.

ಇನ್ನೊಂದು ಮಾತು. ಸಂಭ್ರಮದಲ್ಲಿ ಏನೇನೋ ಗೀಚಿದ್ದೀಯ, ಒಂದು ಸಾಲು ಇನ್ನೊಂದಕ್ಕೆ ಕೂಡುವುದಿಲ್ಲ. ಯಾವುದೋ ಖಾಲಿ ಅಂತ ಇದೆಯಲ್ಲ, ಏನದು? ಎಲ್ಲಿ ಖಾಲಿ?

ನನ್ನ ಪಾಡು ಕೇಳಬೇಡ. ಲಾಂಡ್ರಿಯ ಯಜಮಾನಿ ಮೊನ್ನೆ ಗಿರಾಕಿಯ ಎದುರಿಗೇ ಮುಖಕ್ಕೆ ಮಂಗಳಾರತಿ ಎತ್ತಿದಳು. ನಾನು ಇಸ್ತ್ರಿ ಮಾಡಿದ ಎಂಟು ಅಂಗಿಗಳಲ್ಲಿ ಒಂದು ಕಡೆಯ ತೋಳು ಮುದುಡಿದ್ದು ಮುದುಡಿದ ಹಾಗೇ ಇತ್ತಂತೆ. ನನ್ನ ಕೈಯಾರೆ ಮಾಡಿದ್ದೇನೆ, ಅವಳು ಹೇಳುವುದು ಶುದ್ಧ ಸುಳ್ಳು. ಮನೆಯಲ್ಲಿ ಇವರು ಬೇರೆ, ತಟ್ಟೆಯಲ್ಲಿ ಅರ್ಧ ಹಾಗೇ ಬಿಟ್ಟು ಇನ್ನೂ ಬಡಿಸಿಕೊಳ್ಳುತ್ತೀಯ ಅಂತ ರೇಗಿಸುತ್ತಾರೆ. ಬಾಗಿಲ ಚೌಕಟ್ಟು ದಿನಾ ಭುಜಕ್ಕೆ ಬಡಿದು ನೀಲಿಗಟ್ಟಿದೆ. ಈ ಬಾಡಿಗೆ ಮನೆ ಕಟ್ಟಿದವನ ಕೈ ಸೇದಿಹೋಗ.

ನಿನ್ನ ತಂಗಿ


ಫೆಬ್ರವರಿ 20

ತಂಗೀ,

ನಿನ್ನ ಕಾಗದ ಓದಿ ದಂಗಾಗಿ ಕೂತಿದ್ದೇನೆ. ಪತ್ರಿಕೆಯ ಫೋಟೋದಲ್ಲಿ ಮಾತಿನಮಲ್ಲರ ಪಕ್ಕ ಡ್ರಮ್ಮಿನ ಹಾಗೆ ನಿಂತಿರುವುದು ಯಾರು? ನಾನೇ ತಾನೇ? ಅರ್ಧ ಫೋಟೋ ನಾನೇ ಇದ್ದೇನೆ. ನಿನ್ನ ಗಂಡನಿಗೆ ಕೂಡ ನನ್ನ ಗಾತ್ರ ಅಷ್ಟು ದೂರದಿಂದ ಕಾಣುತ್ತದೆ, ನಿನಗೆ ಕಾಣಲಿಲ್ಲವಾ?

ಮೊದಲು ನಗು ಬಂತು. ಆಮೇಲೆ ಹೊಳೆಯಿತು, ನೀನು ಚುಚ್ಚುತ್ತಿದ್ದೀಯ. ಸರಿ, ಒಪ್ಪಿಕೊಳ್ಳುತ್ತೇನೆ. ಪತ್ರಿಕೆಯಲ್ಲಿ ನಿನ್ನ ಹೆಸರಿಲ್ಲ. ಪ್ರಶಸ್ತಿ ಪತ್ರದಲ್ಲೂ ಇಲ್ಲ. ಅದರಲ್ಲಿ ಇರುವುದು ಚಿತ್ರಗಾರರದು, ನೇಯ್ದವಳದು, ಎರಡೇ ಹೆಸರು. ಕೂಗುವುದೂ ಒಂದು ಕೆಲಸ ಅಂತ ಅವರಿಗೆ ತಿಳಿಯಲಿಲ್ಲ, ನಾನೂ ಒತ್ತಿ ಹೇಳಲಿಲ್ಲ. ಮೊದಲ ಕಾಗದದಲ್ಲೇ ಬರೆಯಬೇಕಿತ್ತು, ಮುಖವಿಲ್ಲದೆ ನುಂಗಿಕೊಂಡೆ. ತಪ್ಪು ನನ್ನದು. ಅದಕ್ಕೆ ಬೈಯಿ. ಆದರೆ ಹೀಗೆ ಸುತ್ತಿ ಬಳಸಿ ಆಟ ಆಡಿಸಬೇಡ.

ಈಗ ನೇರವಾಗಿ ಹೇಳು. ಎಡಗಡೆಯ ಕಿಟಕಿಗಳನ್ನು ತೆಗೆದುಹಾಕಿದ್ದು ಯಾರು? ಕೆಳಗಿನ ಎರಡು ಮಹಡಿ ಸರಿಯಾಗಿವೆ. ಮೂರನೆಯದರಲ್ಲಿ ಹತ್ತೇ ಕಿಟಕಿ. ನಾಲ್ಕು ಮತ್ತು ಐದರಲ್ಲಿ ಒಂಬತ್ತೊಂಬತ್ತು. ಆರರಲ್ಲಿ ಏಳು, ಏಳರಲ್ಲಿ ಆರು, ತುತ್ತತುದಿಯಲ್ಲಿ ಐದು. ಇಪ್ಪತ್ತಾರು ಕಿಟಕಿ ಇಲ್ಲ! ಆ ಜಾಗವೆಲ್ಲ ಬರೀ ಬೂದಿ. ಮಾತಿನಮಲ್ಲರೇ ನಕ್ಷೆ ಬದಲಿಸಿ ನಿನಗೆ ತಿಳಿಸಿರಬೇಕು ಅಂತ ನಾನು ಇಷ್ಟು ದಿನ ತಿಳಿದಿದ್ದೆ. ನಿನ್ನ ಕಾಗದ ಬಂದ ಮೇಲೆ ಅವರನ್ನೇ ಕೇಳಿದೆ. "ನಾನಾ? ನೀವೇ ಮಾಡಿದ್ದಲ್ವಾ?" ಅಂದರು. ಪಾಪ, ಹದಿನೈದು ದಿನದಿಂದ ಕಂಡಕಂಡವರಿಗೆಲ್ಲ ಖಾಲಿ ಜಾಗದ ಅರ್ಥ ವಿವರಿಸಿದ್ದಾರೆ. ಮುಖ ನಮ್ಮ ಉಣ್ಣೆಯ ಬಣ್ಣಕ್ಕೆ ತಿರುಗಿತು.

ದೊಡ್ಡ ಮ್ಯೂಸಿಯಂ ಒಂದರವರು ಬಂದು ಇಂಥದೇ ಇನ್ನೂ ಮೂರು ಬೇಕು, ಅದೇ ಖಾಲಿ ಇರಬೇಕು ಅನ್ನುತ್ತಿದ್ದಾರೆ. ಎಲ್ಲಿಂದ ಬಂತು ಅಂತಲೇ ಗೊತ್ತಿಲ್ಲದ ಖಾಲಿಯನ್ನು ಮತ್ತೆ ಹೇಗೆ ಕಟ್ಟಲಿ? ನೀನೇ ಬಿಟ್ಟಿದ್ದರೆ ಹೇಳಿಬಿಡು. ಚೆನ್ನಾಗೇ ಆಗಿದೆ, ಬೈಯುವುದಿಲ್ಲ.

ಅಕ್ಕ


ಮಾರ್ಚ್ 1

ಅಕ್ಕಾ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಅರ್ಧ ತಲೆಬುಡ ತಿಳಿಯಲಿಲ್ಲ. ತಿಳಿದಷ್ಟು ಎದೆಗೆ ಚುಚ್ಚಿತು.

ನಾನು ಕಿಟಕಿ ಬಿಟ್ಟೆನಾ? ನಾನು? ನಕ್ಷೆ ಇಲ್ಲೇ ನನ್ನ ಎದುರಿಗಿದೆ. ಪ್ರತಿ ಸಾಲನ್ನೂ ಕೊನೆಯ ಚೌಕದವರೆಗೆ ಬೆರಳಿಟ್ಟು ಕೂಗಿದ್ದೇನೆ. ಅಮ್ಮ ಹೋದ ಮೇಲೆ ಇಪ್ಪತ್ತೆರಡು ವರ್ಷದಿಂದ ಕೂಗುತ್ತಿದ್ದೇನೆ, ಒಂದು ಗಂಟು ತಪ್ಪಿದೆಯಾ? ಜ್ವರ ಬಂದಾಗ ತಪ್ಪಿದೆಯಾ? ನನ್ನ ಮದುವೆಯ ಹಿಂದಿನ ದಿನ ತಪ್ಪಿದೆಯಾ?

ಆ ಕಾರ್ಪೆಟ್ಟಿನಲ್ಲಿ ಖಾಲಿ ಇದ್ದರೆ ಅದು ನೀನು ಬಿಟ್ಟ ಖಾಲಿ. ಬೇಸರ ಬಂದು ಬೂದಿ ಕಟ್ಟಿ ಕೈ ತೊಳೆದುಕೊಂಡಿದ್ದೀಯ. ಜನ ಹೊಗಳಿದ ಮೇಲೆ ಹೇಳಲು ಬಾಯಿಲ್ಲದೆ ನನ್ನ ತಲೆಗೆ ಕಟ್ಟುತ್ತಿದ್ದೀಯ. ಅದೂ ಸಾಲದು ಅಂತ ಫೋಟೋದಲ್ಲಿ ನೀನಿದ್ದೀಯ ಅಂತ ನನಗೇ ಹೇಳುತ್ತೀಯ! ಕಣ್ಣಿಗೆ ಕನ್ನಡಕ ಹಾಕಿ ನೋಡಿದೆ. ಪತ್ರಿಕೆಯಲ್ಲಿ ನೀನಿಲ್ಲ. ಕಾರ್ಪೆಟ್ಟಿನಲ್ಲಿ ಖಾಲಿ ಇಲ್ಲ. ನಿನಗೇನು ಹುಚ್ಚಾ?

ಹೆಸರಿಗಾಗಿ ಸಾಯುವವಳಲ್ಲ ನಾನು. ಹೆಸರು ನೀನೇ ಇಟ್ಟುಕೋ. ಆದರೆ ನನ್ನ ಕೂಗು ತಪ್ಪು ಅಂದೆಯಲ್ಲ, ಅದನ್ನು ಮಾತ್ರ ಸಹಿಸುವುದಿಲ್ಲ. ಇನ್ನು ಕಾರ್ಡು ಕಳಿಸುವುದಿಲ್ಲ. ಬೇರೆ ಯಾರಿಂದಲಾದರೂ ಕೂಗಿಸಿಕೋ. ಫೋನ್ ಮಾಡಬೇಡ, ಎತ್ತುವುದಿಲ್ಲ.


ಮಾರ್ಚ್ 9

ಪುಟ್ಟೀ,

ಈ ಹಾಳೆಯನ್ನು ಮಧ್ಯಕ್ಕೆ ಮಡಚಿ ಬಲಗಡೆಯ ಅರ್ಧದಲ್ಲಿ ಮಾತ್ರ ಬರೆಯುತ್ತಿದ್ದೇನೆ. ಎಡಗಡೆ ಏನೂ ಇಲ್ಲ. ಯಾಕೆ ಅಂತ ಹೇಳುತ್ತೇನೆ. ಹರಿದು ಬಿಸಾಡದೆ ಕೊನೆಯವರೆಗೆ ಓದು, ನಿನ್ನ ದಮ್ಮಯ್ಯ.

ನಿನ್ನನ್ನು ಸಿಕ್ಕಿಹಾಕಿಸಬೇಕು ಅಂತಲೇ ಹಳೆಯ ಕಾರ್ಡುಗಳನ್ನು ಹುಡುಕಿ ತೆಗೆದೆ. ಅಷ್ಟು ಕೋಪ ಬಂದಿತ್ತು. ಮಾತಿನಮಲ್ಲರು ತಮ್ಮ ಹತ್ತಿರವಿದ್ದ ನಕ್ಷೆಯ ಪ್ರತಿ ತಂದು ನೆಲದ ಮೇಲೆ ಹರಡಿದರು. ಅಮ್ಮನ ಏಟು ತಿಂದ ಮೇಲೆ ನಾನು ನಕ್ಷೆ ನೋಡಿದ್ದು ಇದೇ ಮೊದಲು. ಕಾರ್ಡಿನಲ್ಲಿ ನೀನು ಕೂಗುತ್ತಾ ಹೋದೆ, ಅವರು ನಕ್ಷೆಯ ಮೇಲೆ ಬೆರಳಿಡುತ್ತಾ ಹೋದರು. ಎರಡು ಮಹಡಿ ನಿನ್ನ ದನಿ, ಅವರ ಬೆರಳು ಜೊತೆಜೊತೆಗೇ ನಡೆದವು. ಮೂರನೇ ಮಹಡಿಯಲ್ಲಿ ಬೆರಳಿನ ಮುಂದೆ ಇನ್ನೂ ಎರಡು ಕಿಟಕಿ ಇರುವಾಗಲೇ ನೀನು "ಉಳಿದದ್ದು ನೆಲ" ಅಂದುಬಿಟ್ಟೆ. ಆರನೆಯದಕ್ಕೆ ಬಂದಾಗ ಐದು ಕಿಟಕಿ ಬಾಕಿ. ತುದಿಯಲ್ಲಿ ಏಳು ಬಾಕಿ. ನಿನ್ನ ದನಿಯಲ್ಲಿ ಒಂಚೂರು ಅಳುಕಿಲ್ಲ. ನಡುನಡುವೆ ಗುನುಗುತ್ತೀಯ, ಖುಷಿಯಾಗಿದ್ದೀಯ. ಮಾತಿನಮಲ್ಲರು ರೆಕಾರ್ಡ್ ನಿಲ್ಲಿಸಿ ನನ್ನ ಮುಖ ನೋಡಿದರು. "ಅಮ್ಮಾ, ಇವರು ಬಿಟ್ಟಿಲ್ಲ. ಇವರಿಗೆ ಎಡಗಡೆ ಒಂದು ಇದೆ ಅಂತಲೇ ಗೊತ್ತಾಗ್ತಿಲ್ಲ" ಅಂದರು.

ಪತ್ರಿಕೆಯ ಫೋಟೋದಲ್ಲಿ ನಾನು ನಿಂತಿದ್ದು ಎಡಗಡೆ. ಎದ್ದು ಹೋಗಿ ನಿನ್ನ ಕಾಗದಗಳ ಡಬ್ಬಿ ಸುರಿದೆ. ಒಂದೂವರೆ ವರ್ಷದ್ದನ್ನೆಲ್ಲ ತಾರೀಖಿನ ಪ್ರಕಾರ ಸಾಲಾಗಿ ಇಟ್ಟೆ. ಮೊದಲ ಕಾಗದಗಳಲ್ಲಿ ಎಡಗಡೆ ಬೆರಳಗಲ ಜಾಗ ಬಿಟ್ಟಿದ್ದೀಯ. ಆಮೇಲೆ ನಾಲ್ಕು ಬೆರಳು. ಆಮೇಲೆ ಅರ್ಧ ಹಾಳೆ. ಮಾರ್ಚ್ ಒಂದರ ಜಗಳದ ಕಾಗದ ಪೂರ್ತಿ ಬಲಗಡೆಗೆ ಅಂಟಿಕೊಂಡು, ಸಣ್ಣ ಪಟ್ಟಿಯ ಹಾಗೆ ಇದೆ. ನಾನು ಅದನ್ನು ಕೈಯಲ್ಲಿ ಹಿಡಿದು ಓದಿದ್ದೇನೆ ಪುಟ್ಟೀ, ಎಷ್ಟು ಕಾಗದ ಹಾಳು ಮಾಡುತ್ತಾಳೆ ಅಂತ ಗೊಣಗಿದ್ದೇನೆ. ಬೇರೇನೂ ಹೊಳೆಯಲಿಲ್ಲ ನನ್ನ ಹಾಳು ತಲೆಗೆ.

ಅವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ನಮ್ಮ ಬೀದಿಯ ಡಾಕ್ಟರಮ್ಮನ ಹತ್ತಿರ ಓಡಿದೆ. ಇಸ್ತ್ರಿ, ತಟ್ಟೆ, ಬಾಗಿಲು ಎಲ್ಲ ಹೇಳಿದೆ. ಅವರು ಕೂತಲ್ಲಿಂದ ಎದ್ದುಬಿಟ್ಟರು. ಇದು ಕಣ್ಣಿನದಲ್ಲವಂತೆ, ತಲೆಯದಂತೆ. "ಮೆದುಳಿನ ಬಲಭಾಗವನ್ನ ಏನೋ ಒತ್ತುತ್ತಿರಬೇಕು. ಇಂಥವರಿಗೆ ಎಡಗಡೆಯದ್ದು ಮಬ್ಬಾಗೋದಿಲ್ಲ, ಇಲ್ಲವೇ ಇಲ್ಲ ಅನ್ನಿಸುತ್ತೆ. ಅದಕ್ಕೇ ಅವರಿಗೆ ಏನೂ ಕಮ್ಮಿ ಆಗಿದೆ ಅಂತ ಗೊತ್ತಾಗಲ್ಲ. ತಡ ಮಾಡಬೇಡಿ, ಜೀವಕ್ಕೆ ಅಪಾಯ" ಅಂದರು.

ಫೋನ್ ಮಾಡಿದೆ, ನೀನು ಎತ್ತಲಿಲ್ಲ. ನಿನ್ನ ಗಂಡನಿಗೆ ಮಾಡಿದೆ. "ಆಸ್ಪತ್ರೆ ಅಂದ್ರೆ ನನ್ನ ಮೇಲೆ ಪಾತ್ರೆ ಎಸೀತಾಳೆ ಅತ್ತಿಗೆ, ನಿಮ್ಮ ಮಾತಾದ್ರೆ ಕೇಳ್ತಾಳೇನೋ" ಅಂದರು. ದೊಡ್ಡ ಕ್ರೇನ್ ನಡೆಸುವ ಮನುಷ್ಯ ಫೋನಿನಲ್ಲಿ ಅತ್ತುಬಿಟ್ಟರು. ಅದಕ್ಕೇ ಕೊರಿಯರ್‌ನಲ್ಲಿ ಇದನ್ನು ಕಳಿಸುತ್ತಿದ್ದೇನೆ.

ನನ್ನನ್ನು ನಂಬಬೇಡ. ಒಂದೇ ಒಂದು ಕೆಲಸ ಮಾಡು. ಕಾರ್ಪೆಟ್ಟಿನ ಫೋಟೋ ತೆಗೆದುಕೊಂಡು ತಲೆಕೆಳಗು ಮಾಡಿ ನೋಡು, ಎಡಗಡೆಯದು ಬಲಕ್ಕೆ ಬರುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ. ಮೂರನೇ ಮಹಡಿಯಲ್ಲೇ ನನಗೆ ಅನುಮಾನ ಬಂದಿತ್ತು. ಕೈ ನಿಂತಿತ್ತು. ಕಟ್ಟುವವಳು ಕೇಳಬಾರದು ಅಂತ ಕಟ್ಟುತ್ತಾ ಹೋದೆ. ಅವತ್ತೇ ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಹತ್ತು ತಿಂಗಳ ಹಿಂದೆಯೇ ಗೊತ್ತಾಗುತ್ತಿತ್ತು. ನಿನ್ನ ಕಾಯಿಲೆಯನ್ನು ನನ್ನ ಕೈಯಾರೆ ಗಂಟು ಗಂಟಾಗಿ ಕಟ್ಟಿ, ಅದಕ್ಕೆ ಪ್ರಶಸ್ತಿ ತೆಗೆದುಕೊಂಡೆ. ಹದಿನಾರನೇ ತಾರೀಖಿನ ರೈಲಿಗೆ ಟಿಕೆಟ್ ಸಿಕ್ಕಿದೆ. ಅಷ್ಟರೊಳಗೆ ನೀನು ಆಸ್ಪತ್ರೆಗೆ ಹೋಗಿರಬೇಕು.

ಅಕ್ಕ


ಮಾರ್ಚ್ 12

ಅಕ್ಕಾ,

ಸಿಟ್ಟಿನಲ್ಲೇ ತಲೆಕೆಳಗು ಮಾಡಿದೆ, ನಿನ್ನ ಬಾಯಿ ಮುಚ್ಚಿಸೋಣ ಅಂತ.

ಕಿಟಕಿಗಳು ಇಲ್ಲ. ಮೇಲೆ ಒಂದಷ್ಟು ಇವೆ, ಕೆಳಗೆ ಬರುತ್ತಾ ಬರುತ್ತಾ ಬೂದಿ, ಬರೀ ಬೂದಿ. ಮತ್ತೆ ನೆಟ್ಟಗೆ ಹಿಡಿದೆ. ಎಲ್ಲ ಇವೆ! ತಿರುಗಿಸಿದೆ, ಇಲ್ಲ. ಯಾರೋ ನನ್ನ ಕೈಯಲ್ಲೇ ಕಣ್ಕಟ್ಟು ಮಾಡಿದ ಹಾಗೆ. ಆರೇಳು ಸಲ ಹಾಗೇ ಮಾಡಿದೆ, ಆಮೇಲೆ ಫೋಟೋ ಕೈಜಾರಿ ಬಿತ್ತು. ಎಲ್ಲಿ ಬಿತ್ತು ಅಂತ ಕಾಣಲಿಲ್ಲ. ಇವರು ಬಂದು ನನ್ನ ಎಡಗಾಲ ಪಕ್ಕದಿಂದ ಎತ್ತಿಕೊಟ್ಟರು. ನನ್ನ ಕಾಲ ಪಕ್ಕದಲ್ಲೇ ಇತ್ತಂತೆ.

ನಿನ್ನ ಈ ಕಾಗದ ಮೊದಲಿನಿಂದ ಕೊನೆಯವರೆಗೆ ಅರ್ಥವಾಯಿತು. ಎಷ್ಟೋ ತಿಂಗಳಿನಿಂದ ನಿನ್ನ ಕಾಗದಗಳು ತುಂಡು ತುಂಡಾಗಿ ಬರುತ್ತಿದ್ದವು. ಅಕ್ಕನಿಗೆ ವಯಸ್ಸಾಯಿತು, ತಲೆ ಕೆಡುತ್ತಿದೆ ಅಂತ ಇವರ ಹತ್ತಿರ ಹೇಳಿಕೊಂಡು ಅತ್ತಿದ್ದೆ. ನಿನಗೆ ಅಂತ ಅತ್ತಿದ್ದೆ ಕಣೇ.

ಇವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಹೋಗುತ್ತಿದ್ದೇನೆ. ಭಯ ಆಗುತ್ತಿದೆ, ಬೇಗ ಬಾ.


ಮೇ 21

ಪುಟ್ಟೀ,

ನಿನ್ನನ್ನು ಮನೆಗೆ ಸೇರಿಸಿ, ನಿಮ್ಮವರಿಗೆ ಮಾತ್ರೆಗಳ ಲೆಕ್ಕ ಒಪ್ಪಿಸಿ ಬಂದು ನಾಲ್ಕು ದಿನವಾಯಿತು. ಎರಡು ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದ ನನ್ನ ಬೆನ್ನಿಗೆ ಮನೆಯ ಹಾಸಿಗೆಯೇ ಹಿಡಿಸುತ್ತಿಲ್ಲ. ಕಣ್ಣು ಮುಚ್ಚಿದರೆ ಆ ದೊಡ್ಡ ಡಾಕ್ಟರು ಆಪರೇಷನ್ ಕೋಣೆಯಿಂದ ಹೊರಗೆ ಬಂದು, "ನಿಂಬೆಹಣ್ಣಿನಷ್ಟಿತ್ತು, ತೆಗೆದಿದ್ದೀವಿ" ಅಂದದ್ದೇ ಕೇಳುತ್ತದೆ. ನನ್ನ ತಂಗಿಯ ತಲೆಯೊಳಗೆ ನಿಂಬೆಹಣ್ಣು ಕೂತಿತ್ತು, ಇಲ್ಲಿ ನಾನು ಬಕೆಟ್ಟಿನಲ್ಲಿ ಕೂತು ನಗುತ್ತಿದ್ದೆ.

ಪ್ರಶಸ್ತಿ ವಾಪಸ್ ಕೊಡಲು ಹೋಗಿದ್ದೆ. ಮಾತಿನಮಲ್ಲರೂ ಬಂದರು. ಉದ್ದದ ಮೇಜು, ಆರು ಜನ, ಎಲ್ಲರ ಎದುರಿಗೂ ಗಾಜಿನ ಲೋಟ. ಇದು ವಿನ್ಯಾಸವಲ್ಲ, ನನ್ನ ತಂಗಿಯ ಕಾಯಿಲೆ, ನಮಗೆ ಇದು ಬೇಡ ಅಂದೆ. ವಯಸ್ಸಾದ ತೀರ್ಪುಗಾರರೊಬ್ಬರು ಕನ್ನಡಕ ತೆಗೆದು ಮುಖ ಮುಚ್ಚಿಕೊಂಡರು. "ನಾನು ಅದರ ಮುಂದೆ ನಿಂತು ಅತ್ತಿದ್ದೆ. ಯಾತಕ್ಕೆ ಅಂತ ನನಗೇ ಗೊತ್ತಿರಲಿಲ್ಲ" ಅಂದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನ ಪ್ರಶಸ್ತಿಯವರಿಂದ ಫೋನ್ ಬಂತು. ಈಗ ಇದರ ಬೆಲೆ ಇನ್ನೂ ಹೆಚ್ಚಿತಂತೆ. ಪಕ್ಕದಲ್ಲಿ ನಿನ್ನ ಕಾಯಿಲೆಯ ವಿವರ ಬರೆದು ಹಾಕಿ, ನಿನ್ನ ಕೂಗಿನ ರೆಕಾರ್ಡನ್ನು ಕಾರ್ಪೆಟ್ಟಿನ ಮುಂದೆ ಹಾಕಿ ಕೇಳಿಸುತ್ತಾರಂತೆ! ನನ್ನ ಮೈ ಉರಿದುಹೋಯಿತು. "ನನ್ನ ತಂಗಿ ತಲೆಯಲ್ಲಿದ್ದ ಗಡ್ಡೆಗೆ ಟಿಕೆಟ್ ಹಾಕ್ತೀರೇನ್ರೀ?" ಅಂತ ಕೇಳಿ ಇಟ್ಟೆ. ಮಾತಿನಮಲ್ಲರು ಮಾತ್ರ ಮನುಷ್ಯರು ಕಣೇ. ತಮ್ಮ ಹೆಸರು ಕೆಳಗಿಳಿಸಿ, ಮೊದಲ ಹೆಸರು ಕೂಗಿದವರದ್ದಿರಲಿ ಅಂತ ಬರೆದುಕೊಟ್ಟು ಬಂದಿದ್ದಾರೆ. ಖಾಲಿಯ ಬಗ್ಗೆ ಈಗ ತುಟಿ ಬಿಚ್ಚುವುದಿಲ್ಲ.

ಮ್ಯೂಸಿಯಂನವರಿಗೆ ಬೇರೆ ಮೂರು ಕಟ್ಟಿಕೊಡುವುದಿಲ್ಲ ಅಂತ ಹೇಳಿಯಾಯಿತು. ಉಳಿದದ್ದು ಈ ಕಾರ್ಪೆಟ್ಟು. ನನಗಂತೂ ಅದರ ಮುಖ ನೋಡುವುದು ಬೇಡ. ಆ ಬೂದಿಯನ್ನೆಲ್ಲ ಒಂದೊಂದೇ ಗಂಟು ಕಿತ್ತು, ಇಪ್ಪತ್ತಾರು ಕಿಟಕಿಗಳನ್ನೂ ಕಟ್ಟಿಬಿಡಬೇಕು ಅನ್ನಿಸುತ್ತದೆ. ಆರು ತಿಂಗಳು ಹಿಡಿಯಬಹುದು, ಹಿಡಿಯಲಿ. ಆದರೆ ನಾನು ತೀರ್ಮಾನ ಮಾಡುವುದಿಲ್ಲ. ಪ್ರಶಸ್ತಿ ಬಂದವನ್ನೆಲ್ಲ ಊರೂರಿಗೆ ಒಯ್ದು ತೋರಿಸುವ ಪ್ರದರ್ಶನ ಮುಂದಿನ ತಿಂಗಳು ನಿಮ್ಮ ಊರಿಗೇ ಬರುತ್ತದೆ. ನೀನು ಹೋಗಿ ನೋಡು. ಇಡು ಅಂದರೆ ಇಡುತ್ತೇನೆ, ಬಿಚ್ಚು ಅಂದರೆ ಬಿಚ್ಚುತ್ತೇನೆ.

ಡಾಕ್ಟರು ಎಲ್ಲ ಸರಿಯಾಗಿದೆ ಅಂದಿದ್ದಾರೆ. ನೀನು ಹಾಯಾಗಿರು.

ಅಕ್ಕ


ಜೂನ್ 27

ಅಕ್ಕಾ,

ನೋಡಿ ಬಂದೆ. ಬಂದ ಮೇಲೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಇವರು ಹೆದರಿ ಲಾಂಡ್ರಿಯ ಯಜಮಾನಿಯನ್ನೇ ಕರೆದುಕೊಂಡು ಬಂದರು, ನಾಲ್ಕು ಬೈದರೆ ಸರಿಹೋಗುತ್ತಾಳೆ ಅಂತ. ಅವಳು ಬೈಯುವುದಕ್ಕೆ ಬಂದು ನನ್ನ ಬೋಳು ತಲೆ ಸವರಿ ಅತ್ತು ಹೋದಳು.

ಪ್ರದರ್ಶನದ ಆ ಹಾಲ್ ಬಿಳಿ ಗೋಡೆಯದು. ಒಳಗೆ ಹೋಗುತ್ತಲೇ ಎದುರಿಗೇ ತೂಗುಹಾಕಿದ್ದಾರೆ. ಮೊದಲು ನನಗೆ ಕಂಡದ್ದು ಕಿಟಕಿಗಳೇ. ಆಸ್ಪತ್ರೆಯಲ್ಲಿ ಕಲಿಸಿದ್ದಾರಲ್ಲ, ಕತ್ತು ತಿರುಗಿಸಿ ಎಡಗಡೆಯ ಅಂಚು ಸಿಗುವವರೆಗೂ ಹುಡುಕಬೇಕು ಅಂತ. ತಿರುಗಿಸಿದೆ. ಇನ್ನೂ ತಿರುಗಿಸಿದೆ.

ಅಯ್ಯೋ ಅಕ್ಕಾ! ಎಷ್ಟು ದೊಡ್ಡದು!

ನೀವೆಲ್ಲ ಖಾಲಿ ಖಾಲಿ ಅಂದಾಗ ಎಲ್ಲೋ ಒಂದು ಮೂಲೆ ಅಂದುಕೊಂಡಿದ್ದೆ. ನಾನು ಎರಡು ಕೈ ಚಾಚಿದರೂ ಮುಗಿಯದಷ್ಟಿದೆ. ಇವರ ತೋಳು ಗಟ್ಟಿಯಾಗಿ ಹಿಡಿದುಕೊಂಡೆ. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬಳು ಗಂಡನಿಗೆ, "ಎಷ್ಟು ಶಾಂತವಾಗಿದೆ ಅಲ್ವಾ?" ಅಂದಳು. ಶಾಂತ! ನನಗೆ ಆ ಹಾಲಿನ ಗಾಜೆಲ್ಲ ಒಡೆಯುವ ಹಾಗೆ ಕಿರುಚಬೇಕು ಅನ್ನಿಸಿತು. ಅಲ್ಲಿ ನಾನು ಇರಲಿಲ್ಲ ಕಣೇ ಅಕ್ಕಾ, ಬದುಕಿದ್ದೆ, ಗುನುಗುತ್ತಿದ್ದೆ, ನಿನಗೆ ಕೂಗುತ್ತಿದ್ದೆ, ಆದರೆ ಅಲ್ಲಿ ಇರಲಿಲ್ಲ.

ಬಿಚ್ಚಬೇಡ. ಬಿಚ್ಚಿ ಕಟ್ಟಿಬಿಟ್ಟರೆ ಎಲ್ಲ ಸರಿಯಾಗೇ ಕೂಗಿದ್ದೆ ಅಂತ ನನಗೆ ಮತ್ತೆ ನಂಬಿಕೆ ಬಂದುಬಿಡುತ್ತದೆ. ಹಾಗೇ ಇರಲಿ. ಹೆಸರು ಹಾಕಲಿ, ಅದು ನನಗೆ ಬೇಕು, ಬೇಡ ಅಂದದ್ದು ಸುಳ್ಳು. ಕಾಯಿಲೆಯ ವಿವರ ಬೇಡ. ರೆಕಾರ್ಡು ಕೊಡಬೇಡ, ಅದು ನನ್ನ ಅಕ್ಕನಿಗೆ ಕೂಗಿದ್ದು, ಊರಿಗಲ್ಲ.

ಮುಂದಿನ ನಕ್ಷೆಯನ್ನೂ ನಾನೇ ಕೂಗುತ್ತೇನೆ. ಆದರೆ ಅದರ ಪ್ರತಿಯೊಂದನ್ನು ನಿನ್ನ ಮಗ್ಗದ ಮೇಲೆ ಅಂಟಿಸಿಕೋ. ನೋಡಿಕೊಂಡು ಕಟ್ಟು. ಅನುಮಾನ ಬಂದರೆ ಎದುರು ಮಾತಾಡು, ಬೈಯಿ, ಫೋನ್ ಮಾಡಿ ಜಗಳವಾಡು. ಅಮ್ಮನ ಕಟ್ಟಳೆ ಅಮ್ಮನ ಕಾಲಕ್ಕೆ ಸರಿಯಿತ್ತು.

ಡಾಕ್ಟರು ಎಲ್ಲ ಸರಿಯಾಗಿದೆ ಅಂದರು ಅಂತ ಬರೆದೆಯಲ್ಲ. ನಿನಗೆ ನಿಜವಾಗಿ ಹೇಳಿದ್ದನ್ನು ನನಗೂ ಹೇಳಿದ್ದಾರೆ. ಬಹುಪಾಲು ಬಂದಿದೆ, ಪೂರ್ತಿ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಬರದಿದ್ದರೆ ಅದು ನನಗೆ ತಿಳಿಯುವುದೂ ಇಲ್ಲ. ಮುಚ್ಚಿಟ್ಟಿದ್ದಕ್ಕೆ ಕೋಪವಿಲ್ಲ. ನಾನಾದರೂ ಮುಚ್ಚಿಡುತ್ತಿದ್ದೆ. ಕತ್ತಿ ಕತ್ತರಿಗೆ ನಾನು ಅಷ್ಟು ಹೆದರಲಿಲ್ಲ ಅಕ್ಕಾ. ಕಾರ್ಪೆಟ್ಟಿನ ಮುಂದೆ ನಿಂತಾಗ ಹುಟ್ಟಿದ ಭಯ ಬೇರೆ. ಜನ್ಮದಲ್ಲೇ ಚೆನ್ನಾಗಿ ಕೂಗಿದೆ ಅಂತ ಹಿಗ್ಗಿದ್ದು ಆ ದಿನಗಳಲ್ಲೇ. ಒಂದು ಕೊರತೆಯೂ ಅನ್ನಿಸಿರಲಿಲ್ಲ. ಇವತ್ತೂ ಅನ್ನಿಸುತ್ತಿಲ್ಲ.

ಈ ಕಾಗದವನ್ನು ಅಂಚಿನಿಂದ ಅಂಚಿಗೆ ಬರೆದಿದ್ದೇನೆ ಅಂತ ನನಗೆ ಅನ್ನಿಸುತ್ತಿದೆ. ಬರೆದಿದ್ದೇನಾ? ನೋಡಿ ಹೇಳು.

ನಿನ್ನ ತಂಗಿ